ಅಪ್ಪ ಗ್ಯಾಸು ಹಿಡಿದಿಟ್ಟ ವರ್ಷ

ನನ್ನ ಬಾಯಿ ಸ್ವಲ್ಪ ಜೋರು. ಇದನ್ನು ಮೊದಲೇ ಹೇಳಿಬಿಡುವುದು ಮೇಲು, ಯಾಕೆಂದರೆ ಆ ವರ್ಷ ನಮ್ಮ ಮನೆಯಲ್ಲಿ ಆದದ್ದಕ್ಕೆಲ್ಲ ಅದೇ ಕಾರಣ. ಅವ್ವನನ್ನು ಕೇಳಿದರೆ ಆ ವರ್ಷದ್ದು ಒಂದೇ ಅಲ್ಲ, ನಾನು ಮಾತು ಕಲಿತಂದಿನಿಂದ ಆದದ್ದಕ್ಕೆಲ್ಲ ಅದೇ ಕಾರಣ ಎಂದಾಳು.

ಆಗ ನಾನು ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆ ಬಳ್ಳಾರಿಯಲ್ಲಿ, ಪಾರ್ವತಿನಗರದ ಹಿಂದಿನ ಓಣಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸು ಹತ್ತಿ ಬರುವುದು. ಗಣಿ ಭರಾಟೆಯ ವರ್ಷಗಳು ಅವು. ಅದಿರಿನ ಲಾರಿಗಳು ಒಂದರ ಹಿಂದೊಂದು ನಿಂತುಬಿಟ್ಟರೆ ಬಸ್ಸಿನೊಳಗೇ ಒಂದು ತರಗತಿಯ ಉತ್ತರಪತ್ರಿಕೆ ತಿದ್ದಿ ಮುಗಿಸಬಹುದಿತ್ತು. ಮನೆಗೆ ಬಂದು ಮುಖ ತೊಳೆದರೆ ನೀರು ಕೆಂಪಗೆ ಹರಿಯುತ್ತಿತ್ತು. ಬಿಳಿ ಸೀರೆ ಉಡುವುದನ್ನು ಆ ಕಾಲಕ್ಕೆ ಬಿಟ್ಟವಳು ನಾನು, ಇವತ್ತಿಗೂ ಉಡುವ ಧೈರ್ಯ ಬಂದಿಲ್ಲ.

ಅಪ್ಪ ಫ್ರಿಜ್ ಮೆಕ್ಯಾನಿಕ್. ನಮ್ಮದು ಹತ್ತಿ ಹಿಂಜುವ ಪಿಂಜಾರರ ಮನೆತನ. ಅಜ್ಜ ಊರೂರು ತಿರುಗಿ ಹಾಸಿಗೆ ದಿಂಬು ತುಂಬಿಕೊಟ್ಟವನು. ಅಪ್ಪನಿಗೆ ಮಾತ್ರ ಹತ್ತಿಯ ಧೂಳು ಆಗಿಬರಲಿಲ್ಲ. ಸಣ್ಣ ವಯಸ್ಸಿನಲ್ಲೇ ಒಬ್ಬ ಉಸ್ತಾದನ ಹತ್ತಿರ ಸೇರಿ ತಾಮ್ರದ ಪೈಪು ಬೆಸೆಯುವುದನ್ನು ಕಲಿತ. ಮನೆಯ ಮುಂದಿನ ತಗಡಿನ ಶೆಡ್ಡೇ ಅವನ ಅಂಗಡಿ. ತಾನು ಹಾಕಿದ ಬೆಸುಗೆ ಸೋರಿದ್ದನ್ನು ಬಳ್ಳಾರಿಯಲ್ಲಿ ಯಾರೂ ಕಂಡಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವ ಮಾತಾದರೂ ಅದು ನಿಜವೇ ಆಗಿತ್ತು.

ಫ್ರಿಜ್ ಬಿಚ್ಚುವ ಮುಂಚೆ ಅದರ ಪೈಪಿನಲ್ಲಿರುವ ಗ್ಯಾಸನ್ನು ಖಾಲಿ ಮಾಡಬೇಕು. ಆಗೆಲ್ಲ ಖಾಲಿ ಮಾಡುವುದೆಂದರೆ ಪೈಪು ಕತ್ತರಿಸಿ ಗಾಳಿಗೆ ಬಿಡುವುದು, ಅಷ್ಟೇ. ಊರಿನ ಎಲ್ಲ ಮೆಕ್ಯಾನಿಕ್ಕುಗಳೂ ಹಾಗೇ ಮಾಡುತ್ತಿದ್ದರು. ಅಪ್ಪ ಇದಕ್ಕೊಂದು ಪದ್ಧತಿ ಇಟ್ಟುಕೊಂಡಿದ್ದ. ಬಳ್ಳಾರಿಯಾಗಲಿ ಸುತ್ತಲ ಊರಾಗಲಿ, ಯಾವ ಮನೆಗೆ ಹೋದರೂ ಗ್ಯಾಸು ಬಿಡುವ ಮುಂಚೆ ಆ ಮನೆಯ ಮಕ್ಕಳನ್ನು ಕರೆದು ಸಾಲಾಗಿ ನಿಲ್ಲಿಸುತ್ತಿದ್ದ. ಸುಯ್ಯೆಂದು ಬರುವ ತಂಪಿಗೆ ಒಬ್ಬೊಬ್ಬರೂ ಅಂಗೈ ಒಡ್ಡಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಅದು ಪುಕ್ಕಟೆ ಸಿಗುವ ಸುಖ, ಮಕ್ಕಳು ಕಿಲಕಿಲ ನಗುತ್ತಿದ್ದರು. ನಾನೂ ಆ ಸಾಲಿನಲ್ಲಿ ನಿಂತು ಬೆಳೆದವಳೇ.

ಒಂದು ದಿನ ಒಂಬತ್ತನೇ ತರಗತಿಗೆ ಓಝೋನ್ ಪದರದ ಪಾಠ ಮಾಡುತ್ತಿದ್ದೆ. ಮೇಲೆ ಆಕಾಶದಲ್ಲಿ ತೆಳ್ಳನೆಯ ಒಂದು ಪದರವಿದೆ, ಸೂರ್ಯನ ಕೆಟ್ಟ ಕಿರಣಗಳನ್ನು ಅದು ತಡೆಯುತ್ತದೆ, ಫ್ರಿಜ್ಜಿನೊಳಗಿನ ಗ್ಯಾಸು ಹೊರಗೆ ಬಂದರೆ ಮೇಲಕ್ಕೇರಿ ಆ ಪದರವನ್ನು ತಿನ್ನುತ್ತದೆ ಎಂದೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದೆ. ಪಾಠ ಚೆನ್ನಾಗಿ ಹೋಗುತ್ತಿದೆ ಎಂದು ನನಗೇ ಹೆಮ್ಮೆಯಾಗುತ್ತಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ನಮ್ಮನಿ ಫ್ರಿಜ್ಜಿನ ಗ್ಯಾಸು ನಿಮ್ಮಪ್ಪಾರೇ ಬಿಟ್ಟಿದ್ರು. ನಾವೆಲ್ಲಾ ಕೈ ಹಿಡಿದಿದ್ವಿ. ಭಾಳ ತಣ್ಣಗಿತ್ತು.”

ಕೊಂಕು ಮಾತಲ್ಲ ಅದು. ಆ ಹುಡುಗಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆದರೆ ಇಡೀ ತರಗತಿ ನಕ್ಕಿತು, ನನ್ನ ಮೈಯೆಲ್ಲ ಉರಿಯಿತು. ಸಂಜೆ ಬಸ್ಸು ಲಾರಿಗಳ ಮಧ್ಯೆ ಸಿಕ್ಕಿ ಒಂದೂವರೆ ತಾಸು ತಡವಾಯಿತು. ಅಷ್ಟೂ ಹೊತ್ತು ನನ್ನ ಸಿಟ್ಟು ಸಣ್ಣ ಉರಿಯ ಮೇಲೆ ಬೇಯುತ್ತಲೇ ಇತ್ತು.

ಮನೆ ಮುಟ್ಟಿದಾಗ ಅಪ್ಪನ ಶೆಡ್ಡಿನಲ್ಲಿ ನಾಲ್ಕಾರು ಜನ ಇದ್ದರು. ಅವರಲ್ಲಿ ಸಿರುಗುಪ್ಪದಿಂದ ಬಂದ ಒಬ್ಬ ಹೆಂಗಸೂ ಇದ್ದಳು. ಐವತ್ತರ ಆಸುಪಾಸಿನವಳು. ಅಕ್ಕಿ ಗಿರಣಿಗಳ ಎದುರು ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ಸಂಜೆ ಮಂಡಕ್ಕಿ ಮಿರ್ಚಿ, ಬೇಸಗೆ ಬಂದರೆ ಮಧ್ಯಾಹ್ನ ಐಸ್ ಕ್ಯಾಂಡಿ, ತಣ್ಣನೆಯ ಮಜ್ಜಿಗೆ. ಮೂಟೆ ಹೊರುವ ಹಮಾಲರೇ ಅವಳ ಗಿರಾಕಿಗಳು. ಅವಳ ಹಳೆಯ ಫ್ರೀಜರಿನ ಗ್ಯಾಸು ಸೋರಿ ಹೋಗಿತ್ತು. ಅಂಗಡಿ ಇಡುವ ಮುಂಚೆ ಅವಳು ಗಿರಣಿಯ ಕಣದಲ್ಲಿ ಭತ್ತ ಒಣಗಿಸುತ್ತಿದ್ದವಳು, ಬಿಸಿಲಲ್ಲಿ ದಿನವಿಡೀ ಕಾಲಿನಿಂದ ಭತ್ತ ಹರವುತ್ತ ಅಡ್ಡಾಡುವ ಕೆಲಸ. ಈಗ ಒಂದು ಮೊಣಕಾಲು ಹೋಗಿತ್ತು. ಬೇಸಗೆಯ ವ್ಯಾಪಾರದ ಮೇಲೆಯೇ ಅವಳ ವರ್ಷ ಸಾಗಬೇಕು.

“ಬ್ಯಾಸಗಿ ಹತ್ತೂದ್ರೊಳಗ ಆದ್ರ ಸಾಕಣ್ಣ,” ಎಂದು ಅವಳು ಅಪ್ಪನಿಗೆ ಹೇಳುತ್ತಿದ್ದಳು. “ಇಲ್ಲಂದ್ರ ಮತ್ತ ಕಣಕ್ಕ ಇಳೀಬೇಕು. ಈ ಕಾಲು ತಡಿಯಂಗಿಲ್ಲ.”

ಬರುವ ಭಾನುವಾರ ಬಂದು ಮಾಡಿಕೊಡುತ್ತೇನೆ ಎಂದು ಅಪ್ಪ ಮಾತು ಕೊಟ್ಟ. ಮಾತು ಕೊಟ್ಟು ಪಕ್ಕದಲ್ಲಿದ್ದ ಕಟ್ಟರ್ ತೆಗೆದುಕೊಂಡು ಎದುರಿಗಿದ್ದ ಒಂದು ಫ್ರಿಜ್ಜಿನ ಪೈಪು ಕತ್ತರಿಸಲು ಬಗ್ಗಿದ. ನಾನು ಚೀಲ ಕೂಡ ಇಳಿಸಿರಲಿಲ್ಲ.

“ಅಪ್ಪಾ, ಯಾವುದನ್ನ ಮಾಡಬ್ಯಾಡ್ರಿ ಅಂತ ನಾ ಸಾಲ್ಯಾಗ ಹೇಳತೀನೋ, ಅದನ್ನ ನೀ ಮೂವತ್ತು ವರ್ಷದಿಂದ ಮಾಡಿಕೋತ ಬಂದೀ. ಆಕಾಶಕ್ಕ ತೂತು ಬಿದ್ದಿದ್ದು ನಿನ್ನಂಥೋರಿಂದ.”

ಯಾರೋ ಒಬ್ಬರು ಆಕಾಶಕ್ಕೆ ತೂತು ಬೀಳುವುದೆಂದರೇನು ಎಂದು ಕೇಳಿದರು. ಸಿಟ್ಟಿನಲ್ಲಿದ್ದ ಟೀಚರಿಗೆ ಪ್ರಶ್ನೆ ಕೇಳಬಾರದು. ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಅಲ್ಲೇ ಒಪ್ಪಿಸಿದೆ. ಅಪ್ಪ ಕಟ್ಟರನ್ನು ಡಬ್ಬಿಯಲ್ಲಿಟ್ಟು, ಕೈ ಒರೆಸಿಕೊಂಡು ಒಳಗೆ ಹೋದ. ಆ ಹೆಂಗಸು ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಟಳು. ನನ್ನ ನಾಲಿಗೆಗೊಂದು ಮುಚ್ಚಳ ಮಾಡಿಸಬೇಕು ಎಂದು ಅವ್ವ ಒಳಗಿನಿಂದಲೇ ಅಂದಳು.

ಆ ಭಾನುವಾರ ಅಪ್ಪ ಸಿರುಗುಪ್ಪಕ್ಕೆ ಹೋಗಲಿಲ್ಲ. ಅದರ ಮರು ಭಾನುವಾರವೂ ಹೋಗಲಿಲ್ಲ. ಗ್ಯಾಸಿಗೆ ಕೈ ಹಚ್ಚದ ಕೆಲಸಗಳನ್ನಷ್ಟೇ ಮಾಡುತ್ತಿದ್ದ. ಬಾಗಿಲಿನ ರಬ್ಬರು ಬದಲಿಸುವುದು, ಫ್ರಿಜ್ಜಿನ ಹಿಂದೆ ಹತ್ತಿದ ಕೆಂಪು ಧೂಳನ್ನು ಊದಿ ತೆಗೆಯುವುದು, ಇಂಥವು. ಊಟದಲ್ಲಿ ನನ್ನ ಕಡೆ ನೋಡುತ್ತಿರಲಿಲ್ಲ. ತಪ್ಪಾಯಿತು ಎನ್ನಲು ನನಗೂ ಬಿಗುಮಾನ. ಹೇಳಿದ ಮಾತು ಸತ್ಯವೇ ಅಲ್ಲವೇ ಎಂದು ನನಗೆ ನಾನೇ ವಾದ ಮಾಡಿಕೊಳ್ಳುತ್ತಿದ್ದೆ.

ಅದೇ ತಿಂಗಳು ಅಪ್ಪ ಸಾಮಾನು ಕೊಳ್ಳುವ ಅಂಗಡಿಯವನು ಒಂದು ಸುದ್ದಿ ಹೇಳಿದ. ಫ್ರಿಜ್ ಮೆಕ್ಯಾನಿಕ್ಕುಗಳಿಗೆ ಬಳ್ಳಾರಿಯಲ್ಲೇ ಎರಡು ದಿನದ ತರಬೇತಿ ಇದೆ, ಓಝೋನಿನದೇ ವಿಷಯವಂತೆ ಎಂದು. ಅಪ್ಪ ಯಾರಿಗೂ ಹೇಳದೆ ಮೊದಲ ದಿನ ಹೋಗಿ ಕೂತು ಬಂದ. ರಾತ್ರಿ ಊಟದ ಹೊತ್ತಿಗೆ ಅವ್ವನ ಕಡೆ ಮುಖ ಮಾಡಿ, ಅಲ್ಲಿ ಕೊಟ್ಟ ಪುಸ್ತಕ ಇಂಗ್ಲಿಷಿನಲ್ಲಿದೆ, ನಾಳೆ ರಜೆ ಇದ್ದವರು ಯಾರಾದರೂ ಬಂದರೆ ಓದಿ ಹೇಳಬಹುದು ಎಂದ. ಮನೆಯಲ್ಲಿ ಇದ್ದವರು ಮೂರೇ ಜನ, ರಜೆ ಇದ್ದವಳು ಒಬ್ಬಳೇ. ನಾನು ಹೋದೆ.

ಇಪ್ಪತ್ತು ಜನ ಮೆಕ್ಯಾನಿಕ್ಕುಗಳು, ಕೆಲವರು ಹೊಸಪೇಟೆ ಕಡೆಯವರು. ಹೇಳಿಕೊಡಲು ಬಂದಿದ್ದವರು ತಾಳ್ಮೆಯ ಮನುಷ್ಯ. ಹಳೆಯ ಗ್ಯಾಸು ತಯಾರಿಸುವ ಕಾರ್ಖಾನೆಗಳು ಮುಚ್ಚುತ್ತಿವೆ, ಇನ್ನು ಹೊಸ ಫ್ರಿಜ್ಜುಗಳಿಗೆ ಬೇರೆ ಗ್ಯಾಸು, ಅದು ಓಝೋನ್ ತಿನ್ನುವುದಿಲ್ಲ ಎಂದರು. ಆದರೆ ಹಳೆಯ ಫ್ರಿಜ್ಜಿಗೆ ಹೊಸ ಗ್ಯಾಸು ಹಾಕಿದರೆ ಅದರ ಕಂಪ್ರೆಸರಿನ ಎಣ್ಣೆಗೂ ಅದಕ್ಕೂ ಕೂಡಿ ಬರುವುದಿಲ್ಲ. ಹಾಗಾಗಿ ಹಳೆಯದರಲ್ಲಿರುವ ಗ್ಯಾಸನ್ನು ಬಿಡದೆ ಹಿಡಿದು, ಶುದ್ಧ ಮಾಡಿ, ಇನ್ನೊಂದು ಹಳೆಯದಕ್ಕೇ ತುಂಬಬೇಕು. ಹಿಡಿಯುವುದಕ್ಕೆ ಒಂದು ಯಂತ್ರ ತೋರಿಸಿದರು. ಮಿಕ್ಸಿಗಿಂತ ದೊಡ್ಡದು, ವಾಷಿಂಗ್ ಮಷೀನಿಗಿಂತ ಸಣ್ಣದು. ಒಂದು ಪೈಪು ಫ್ರಿಜ್ಜಿಗೆ, ಇನ್ನೊಂದು ಸಿಲಿಂಡರಿಗೆ. ಯಂತ್ರ ಹಚ್ಚಿದರೆ ಗ್ಯಾಸನ್ನು ಅಲ್ಲಿಂದ ಎಳೆದು ಇಲ್ಲಿ ತುಂಬುತ್ತದೆ.

ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದರು. ಅಪ್ಪ ಎದ್ದು ನಿಂತ. ಇದು ಇನ್ನು ಮುಂದೆ ಸೋರದ ಹಾಗೆ ನೋಡಿಕೊಳ್ಳುವ ಯಂತ್ರ ಸರಿ, ಆದರೆ ಈಗಾಗಲೇ ಬಿದ್ದಿರುವ ತೂತನ್ನು ಬೆಸೆಯುವುದಕ್ಕೆ ಯಾವ ಯಂತ್ರ ಬಂದಿದೆ ಎಂದು ಕೇಳಿದ. ಕೆಲವರು ನಕ್ಕರು. ಆ ಮನುಷ್ಯ ನಗಲಿಲ್ಲ. ಅಂಥ ಯಂತ್ರ ಯಾರ ಬಳಿಯೂ ಇಲ್ಲ, ಬೇಕಾಗಿಯೂ ಇಲ್ಲ, ಮೇಲಿನ ಬಿಸಿಲೇ ಆ ಪದರವನ್ನು ದಿನಾ ಹೊಸದಾಗಿ ಹುಟ್ಟಿಸುತ್ತಿರುತ್ತದೆ, ನಾವು ತಿನ್ನುವ ಗ್ಯಾಸು ಕಳಿಸುವುದನ್ನು ನಿಲ್ಲಿಸಿದರೆ ಅದು ತಾನೇ ಮೊದಲಿನಂತಾಗುತ್ತದೆ ಎಂದರು. ಅಪ್ಪ ಕೂತುಕೊಂಡು ಬಹಳ ಹೊತ್ತು ಗದ್ದ ಉಜ್ಜುತ್ತಿದ್ದ. ಕೈ ತೆಗೆದರೆ ಸಾಕು ತಾನೇ ರಿಪೇರಿಯಾಗುತ್ತದೆ ಎಂಬ ಸಾಮಾನನ್ನು ಅವನು ಇಡೀ ಜೀವಮಾನದಲ್ಲಿ ನೋಡಿರಲಿಲ್ಲ.

ಯಂತ್ರವನ್ನು ನಾಲ್ಕು ಜನ ಮೆಕ್ಯಾನಿಕ್ಕುಗಳ ನಡುವೆ ಒಂದರಂತೆ ಕೊಟ್ಟರು. ಉಳಿದ ಮೂವರಿಗೆ ಅದು ತಲೆನೋವೆನಿಸಿ ಅಪ್ಪನ ಶೆಡ್ಡಿನಲ್ಲೇ ಇಟ್ಟು ಹೋದರು. ಅಪ್ಪ ಅದಕ್ಕೆ ಧೂಳು ತಾಗದಂತೆ ಅವ್ವನ ಹಳೆಯ ದುಪ್ಪಟಿ ಹೊದಿಸಿದ. ಮರುದಿನವೇ ಸಿರುಗುಪ್ಪದ ಹೆಂಗಸಿಗೆ ಫೋನು ಮಾಡಿಸಿ, ಪೇಟೆಯಲ್ಲಿ ಹಳೆಯ ಗ್ಯಾಸು ಸಿಗುತ್ತಿಲ್ಲ, ತಾನೇ ಕೂಡಿಸಿ ತರುತ್ತೇನೆ, ಬೇಸಗೆಯೊಳಗೆ ಫ್ರೀಜರು ನಡೆಯುತ್ತದೆ ಎಂದು ಹೇಳಿದ. ಅವಳಿಗೆ ಇನ್ನೊಬ್ಬ ಮೆಕ್ಯಾನಿಕ್ ಅಡುಗೆ ಗ್ಯಾಸು ತುಂಬಿಕೊಡುತ್ತೇನೆ ಅಂದಿದ್ದನಂತೆ. ಮಿರ್ಚಿ ಕರಿಯುವ ಒಲೆಯ ಮಗ್ಗುಲಲ್ಲಿ ಅದನ್ನು ಮಾಡಿಸಿಕೊಳ್ಳಬೇಡ ಎಂದು ಅಪ್ಪ ಎರಡೆರಡು ಸಲ ಹೇಳಿದ.

ಗಣಿಯ ದುಡ್ಡು ಓಡಾಡುತ್ತಿದ್ದ ಊರಲ್ಲಿ ಹಳೆಯ ಫ್ರಿಜ್ಜಿಗೇನು ಬರ. ಮನೆಮನೆಗೂ ಎರಡು ಬಾಗಿಲಿನ ಹೊಸದು ಬಂದು, ಹಳೆಯವು ಮಾಳಿಗೆ ಏರಿದ್ದವು. ಒಂದು ಮನೆಯಲ್ಲಿ ಅದರೊಳಗೆ ಚಪ್ಪಲಿ ಇಟ್ಟಿದ್ದರು, ಇನ್ನೊಂದರಲ್ಲಿ ಮದುವೆ ಆಲ್ಬಮ್ಮುಗಳು. ಅಪ್ಪ ಆಟೋದಲ್ಲಿ ಯಂತ್ರ ಹಾಕಿಕೊಂಡು ಹೋಗಿ, ಫ್ರಿಜ್ಜು ಬೇಡ, ಅದರ ಗ್ಯಾಸು ಮಾತ್ರ ಕೊಡಿ ಎಂದು ಕೇಳುತ್ತಿದ್ದ. ಜನಕ್ಕೆ ಅನುಮಾನ. ಡಬ್ಬಿ ಬಿಟ್ಟು ಗಾಳಿ ಒಯ್ಯುವವನು ಎಂಥವನಿರಬೇಕು ಎಂದು ಒಬ್ಬ ಯಜಮಾನಿ ಬಾಗಿಲಲ್ಲೇ ನಿಂತು ಕಾವಲು ಕಾದಳಂತೆ. ರಿಪೇರಿಗೆ ಬಂದ ಹಳೆಯವುಗಳಿಂದಲೂ ಹಿಡಿಯುತ್ತಿದ್ದ. ಸಿಲಿಂಡರ್ ತಣ್ಣಗಿದ್ದರೆ ಗ್ಯಾಸು ಸಲೀಸಾಗಿ ಇಳಿಯುತ್ತದೆಂದು ಅದನ್ನು ಐಸು ಹಾಕಿದ ಬಕೆಟ್ಟಿನಲ್ಲಿ ಕೂರಿಸುತ್ತಿದ್ದ. ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಇಳಿದು, ಸೊನ್ನೆಯ ಕೆಳಗೆ ಇಳಿದು, ಇನ್ನೇನೂ ಇಲ್ಲ ಎನ್ನುವಾಗಲೂ ಯಂತ್ರ ಬಂದ್ ಮಾಡುತ್ತಿರಲಿಲ್ಲ. ಕೊನೆಯ ಉಸಿರೂ ಹೊರಗೆ ಹೋಗಬಾರದು ಅವನಿಗೆ. ಸಾಕು ಬಿಡಪ್ಪ, ಪೈಪೇ ಕಿತ್ತು ಬಂದೀತು ಎಂದು ನಾನು ತಮಾಷೆ ಮಾಡಿದರೂ ಕೇಳುತ್ತಿರಲಿಲ್ಲ.

ನಮ್ಮಿಬ್ಬರ ನಡುವೆ ಮಾತು ಮತ್ತೆ ಶುರುವಾಗಿತ್ತು. ಆ ಎರಡು ತಿಂಗಳು ನಾನು ಬಹಳ ಖುಷಿಯಾಗಿದ್ದೆ. ಶಾಲೆಯಿಂದ ಬಂದವಳೇ ಚಹದ ಲೋಟ ಹಿಡಿದು ಶೆಡ್ಡಿನಲ್ಲಿ ಕೂತು, ಇವತ್ತು ಎಷ್ಟು ಮನೆ ಆಯಿತು ಎಂದು ಕೇಳುವುದು. ಅಪ್ಪ ಆಯಾ ಮನೆಯ ಕಥೆ ಹೇಳುವುದು. ಸಿಲಿಂಡರನ್ನು ಇಬ್ಬರೂ ಸೇರಿ ತಕ್ಕಡಿಗೆ ಏರಿಸಿದಾಗ ಅದು ಹಿಂದಿನ ವಾರಕ್ಕಿಂತ ಕೊಂಚ ಭಾರ ತೋರಿದರೆ ಅಪ್ಪನ ಮುಖ ನೋಡಬೇಕಿತ್ತು. ತರಗತಿಯಲ್ಲೂ ನಾನು ಅಪ್ಪನ ಯಂತ್ರದ ವಿಷಯ ಹೇಳಿದೆ. ಅದೇ ಹಿಂದಿನ ಬೆಂಚಿನ ಹುಡುಗಿ, ಹಾಗಾದರೆ ನಮ್ಮ ಮನೆಯ ಗ್ಯಾಸನ್ನೂ ವಾಪಸ್ ಹಿಡಿಯಲು ಬರುತ್ತದೆಯೇ ಎಂದು ಕೇಳಿದಳು. ಇಲ್ಲವೆನ್ನಬೇಕಾಯಿತು.

ಮಾರ್ಚ್ ತಿಂಗಳಲ್ಲಿ ಬಿಸಿಲು ಏರಿತು. ಒಂದು ಭಾನುವಾರ ಬೆಳಿಗ್ಗೆ ಅಪ್ಪನೂ ನಾನೂ ಸಿರುಗುಪ್ಪಕ್ಕೆ ಹೊರಟೆವು. ಬಳ್ಳಾರಿಗೆ ಅಕ್ಕಿ ತಂದು ಖಾಲಿ ಮರಳುವ ಒಂದು ಟೆಂಪೋವನ್ನು ಆ ಹೆಂಗಸೇ ಗೊತ್ತು ಮಾಡಿದ್ದಳು. ತೆಕ್ಕಲಕೋಟೆ ದಾಟಿದ ಮೇಲೆ ಕಾಲುವೆ ನೀರಿನ ಹಸಿರು ಗದ್ದೆಗಳು ಶುರುವಾದವು. ವಾರವೆಲ್ಲ ಕೆಂಪು ನೋಡಿದ ಕಣ್ಣಿಗೆ ಹಿತವಾಯಿತು.

ಅಪ್ಪ ಫ್ರೀಜರಿನ ತೂತು ಹುಡುಕಿ ಬೆಸೆದ, ಹಳೆಯ ಕಂಪ್ರೆಸರಿನಿಂದ ತಾನೇ ಮಾಡಿಕೊಂಡಿದ್ದ ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ತೆಗೆದ, ಆಮೇಲೆ ತನ್ನ ಸಿಲಿಂಡರಿನ ಗ್ಯಾಸು ತುಂಬಿದ. ಕಂಪ್ರೆಸರ್ ಗುಂಯ್ ಎಂದಿತು. ಆ ಹೆಂಗಸು ಹಾಲು ಸಕ್ಕರೆ ಏಲಕ್ಕಿ ಕಲಸಿ ಕ್ಯಾಂಡಿ ಅಚ್ಚುಗಳನ್ನು ತುಂಬಿ ಒಳಗಿಟ್ಟಳು. ಒಂದು ತಾಸಾಯಿತು, ಎರಡಾಯಿತು. ಒಳಗೆ ಬಾವಿ ನೀರಿನಷ್ಟೂ ತಂಪಿಲ್ಲ. ಹಿಂದಿನ ಪೈಪು ಮಾತ್ರ ಮುಟ್ಟಲಾಗದಷ್ಟು ಸುಡುತ್ತಿತ್ತು. ಕಂಪ್ರೆಸರ್ ಬಿಸಿಯಾಗಿ ತಾನೇ ನಿಲ್ಲುವುದು, ಸ್ವಲ್ಪ ಹೊತ್ತಿಗೆ ಮತ್ತೆ ಏಳುವುದು, ಮತ್ತೆ ನಿಲ್ಲುವುದು. ಸಂಜೆಯ ಹೊತ್ತಿಗೆ ಅಪ್ಪ ಅದನ್ನು ಬಂದ್ ಮಾಡಿ, ಗ್ಯಾಸನ್ನೆಲ್ಲ ಮತ್ತೆ ಸಿಲಿಂಡರಿಗೆ ಎಳೆದುಕೊಂಡ. ಆ ಹೆಂಗಸು ಅಚ್ಚಿನ ಹಾಲನ್ನು ಪಾತ್ರೆಗೆ ಸುರಿದು, ನಮಗೇ ಎರಡು ಲೋಟ ಕುಡಿಯಲು ಕೊಟ್ಟಳು. ಗಿರಣಿಯ ಮೇಸ್ತ್ರಿ ಏಪ್ರಿಲಿನಿಂದ ಕಣಕ್ಕೆ ಬಾ ಎಂದಿದ್ದಾನೆ, ಹೂಂ ಅನ್ನಲೋ ಬೇಡವೋ ಎಂದು ಮಾತ್ರ ಕೇಳಿದಳು. ಇನ್ನೊಂದು ವಾರ ತಡಿ ತಂಗಿ ಎಂದ ಅಪ್ಪ. ಅವನ ದನಿಯಲ್ಲಿ ಬಲವಿರಲಿಲ್ಲ.

ವಾಪಸು ಬರುವಾಗ ಅಪ್ಪ, ನನ್ನ ಕೈ ಹೋಯಿತು ಎಂದ. ಹಳೆಯ ಕೈಗೆ ಹೊಸ ಕೆಲಸ ಒಗ್ಗಲಿಲ್ಲ, ಮೊದಲಿನಂತಿದ್ದರೆ ಆ ತಂಗಿಯ ಕೆಲಸ ಜನವರಿಯಲ್ಲೇ ಮುಗಿಯುತ್ತಿತ್ತು ಎಂದ. ನನ್ನನ್ನು ಅಂದದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಅದು ಇನ್ನೂ ಕಷ್ಟವಾಯಿತು ನನಗೆ.

ಮನೆಗೆ ಬಂದು ತರಬೇತಿಯ ಪುಸ್ತಕ ತೆಗೆದೆ. ಹಿಂದಿನ ಪುಟದಲ್ಲಿ ಒಂದು ಕೋಷ್ಟಕವಿತ್ತು. ಗ್ಯಾಸು ಶುದ್ಧವಾಗಿದ್ದರೆ ಇಷ್ಟು ಶಾಖಕ್ಕೆ ಸಿಲಿಂಡರಿನೊಳಗೆ ಇಷ್ಟೇ ಒತ್ತಡ ಇರಬೇಕು ಎಂಬುದು ಅದರ ಲೆಕ್ಕ. ಸಿಲಿಂಡರನ್ನು ಇಡೀ ರಾತ್ರಿ ನೆರಳಲ್ಲಿ ಅಲುಗಿಸದೆ ಇಟ್ಟು, ಬೆಳಿಗ್ಗೆ ಶಾಲೆಯ ಥರ್ಮಾಮೀಟರನ್ನು ಅದಕ್ಕೆ ಕಟ್ಟಿ, ಗೇಜು ಹಚ್ಚಿ ನೋಡಿದೆವು. ಮುಳ್ಳು ಇರಬೇಕಾದ ಕಡೆಗಿಂತ ಎಷ್ಟೋ ಮೇಲೆ ನಿಂತಿತ್ತು. ಹೀಗೆ ನಿಂತರೆ ಒಳಗೆ ಗಾಳಿ ಸೇರಿದೆ ಎಂದು ಅರ್ಥ ಎಂದು ಕೋಷ್ಟಕದ ಕೆಳಗೇ ಬರೆದಿತ್ತು.

ಗಾಳಿ ಎಲ್ಲಿಂದ ಬರಬೇಕು? ಅಪ್ಪ ಕೆಲಸ ಮಾಡಿದ ರೀತಿಯನ್ನು ಮೊದಲಿನಿಂದ ಹೇಳಿಸಿದೆ. ಹೇಳುತ್ತ ಹೇಳುತ್ತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ರಿಪೇರಿಗೆ ಬಂದ ಫ್ರಿಜ್ಜುಗಳಲ್ಲಿ ಅರ್ಧಕ್ಕರ್ಧ ಪೈಪು ತೂತಾದವು. ಮುಳ್ಳು ಸೊನ್ನೆಗೆ ಬಂದಾಗ ಅದರ ಗ್ಯಾಸು ಮುಗಿದಿರುತ್ತದೆ. ಆಮೇಲೂ ಕೊನೆಯ ಉಸಿರು, ಕೊನೆಯ ಉಸಿರು ಎಂದು ಎಳೆಯುತ್ತಲೇ ಇದ್ದರೆ ಆ ತೂತಿನಿಂದ ಒಳಗೆ ಬರುವುದು ಬಳ್ಳಾರಿಯ ಗಾಳಿಯೇ. ಗ್ಯಾಸನ್ನೆಲ್ಲ ಗಾಳಿಗೆ ಬಿಟ್ಟು ಬದುಕಿದವನು, ಈಗ ಗಾಳಿಯನ್ನೇ ಹಿಡಿದು ಸಿಲಿಂಡರಿಗೆ ತುಂಬಿದ್ದ. ನನಗೆ ನಗು ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡೆ.

ಇದಕ್ಕೆ ಮದ್ದೂ ಪುಸ್ತಕದಲ್ಲಿತ್ತು. ತಣ್ಣಗೆ ನಿಂತ ಸಿಲಿಂಡರಿನಲ್ಲಿ ಗ್ಯಾಸು ದ್ರವವಾಗಿ ಕೆಳಗಿರುತ್ತದೆ, ಗಾಳಿ ಮೇಲೆ ಉಳಿಯುತ್ತದೆ. ಮೇಲಿನ ವಾಲ್ವನ್ನು ಕೂದಲೆಳೆಯಷ್ಟು ತೆರೆದು, ನಿಧಾನವಾಗಿ ಬಿಟ್ಟು, ಮುಳ್ಳು ಸರಿಯಾದ ಕಡೆಗೆ ಬಂದ ಕೂಡಲೇ ಮುಚ್ಚಬೇಕು. ಗಾಳಿಯ ಜೊತೆ ಒಂದಿಷ್ಟು ಗ್ಯಾಸೂ ಹೋಗುತ್ತದೆ, ಅದಕ್ಕೆ ಉಪಾಯವಿಲ್ಲ. ಓದಿ ಹೇಳಿದೆ. ಅಪ್ಪ ವಾಲ್ವಿನ ಮೇಲೆ ಕೈಯಿಟ್ಟು ಕೂತ, ತಿರುಗಿಸಲಿಲ್ಲ.

“ಬಿಡಬ್ಯಾಡ ಅಂದಾಕಿ ನೀನ,” ಎಂದ.

“ಈಗ ಬಿಡು ಅನ್ನಾಕಿನೂ ನಾನ. ಒಂದೀಟು ಬಿಡಪ್ಪಾ.”

“ಒಂದೀಟು ಅನ್ನೋದು ನನಗ ಬರಂಗಿಲ್ಲ ಮಗಳ. ಬಿಟ್ರ ಪೂರ್ತಿ ಬಿಟ್ಟೆ, ಹಿಡಿದ್ರ ಪೂರ್ತಿ ಹಿಡಿದೆ. ಈ ಕೈಲೆ ಇನ್ನ ಬಿಡಂಗಿಲ್ಲ ಅಂತ ಅಂದುಕೊಂಡೀನಿ. ಬ್ಯಾರೆ ಏನರ ಹೇಳು.”

ಬೇರೆ ಏನೂ ಇರಲಿಲ್ಲ. ಪುಸ್ತಕ ಪಕ್ಕಕ್ಕಿಟ್ಟು ಅವನ ಎದುರು ನೆಲದ ಮೇಲೆ ಕೂತೆ. ಎರಡು ತಿಂಗಳು ಹೇಳದೆ ಉಳಿಸಿಕೊಂಡಿದ್ದ ಮಾತು ಆಗ ಬಂತು.

“ಅಪ್ಪಾ, ಅವತ್ತು ಗ್ಯಾಸಿನ ಬಗ್ಗೆ ನಾ ಅಂದಿದ್ದು ಖರೆ. ನಿನ್ನ ಬಗ್ಗೆ ಅಂದಿದ್ದು ತಪ್ಪು. ಗೊತ್ತಿಲ್ದ ಮಾಡಿದ್ದಕ್ಕ ನಿನ್ನ ನಾಕು ಮಂದ್ಯಾಗ ನಿಲ್ಲಿಸಿ ಅಂದೆ. ನನಗ ಮೂವತ್ತು ವರ್ಷ ಆಗೇತಿ, ನಾನೂ ನಿನಗ ಒಂದಿನಾ ಹೇಳಿರಲಿಲ್ಲಲ್ಲ. ನಾನೂ ಕೈ ಚಾಚಿ ನಿಂತಾಕೀನ.”

ಅಪ್ಪ ಹೆಬ್ಬೆರಳಿನಿಂದ ಗೇಜಿನ ಗಾಜು ಒರೆಸಿದ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು.

“ಆ ತಂಗಿ ಕಣಕ್ಕಿಳೀತಾಳಲ್ಲ,” ಎಂದ ಕೊನೆಗೆ. “ನೀ ಮುಳ್ಳು ನೋಡು. ಸಾಕು ಅಂದ ಕೂಡ್ಲೆ ಮುಚ್ಚತೀನಿ.”

ವಾಲ್ವು ತಿರುಗಿಸಿದ. ಸದ್ದು ಕೂಡ ಕೇಳದಷ್ಟು ಸಣ್ಣಗೆ ಹೋಗುತ್ತಿತ್ತು. ಸಾಕು ಅಂದೆ, ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮುಳ್ಳು ಅರ್ಧ ದಾರಿ ಇಳಿದಿತ್ತು. ಮತ್ತೆ ಬಿಟ್ಟ, ಮತ್ತೆ ಸಾಕು ಅಂದೆ. ಹೀಗೆ ಮೂರು ಬೆಳಿಗ್ಗೆ, ಶಾಲೆಗೆ ಹೊರಡುವ ಮುಂಚೆ. ಮೂರನೆಯ ದಿನ ಮುಳ್ಳು ಕೋಷ್ಟಕದಲ್ಲಿ ಬರೆದ ಕಡೆಗೇ ಬಂದು ನಿಂತಿತು. ಗ್ಯಾಸು ಕೊಂಚ ಕಡಿಮೆಯಾಗಿತ್ತು, ಆದರೆ ಒಂದು ಫ್ರೀಜರಿಗೆ ಸಾಕಾಗುವಷ್ಟಿತ್ತು. ಅಂದಿನಿಂದ ಅಪ್ಪ ತೂತಾದ ಫ್ರಿಜ್ಜಿಗೆ ಯಂತ್ರ ಹಚ್ಚಿದರೆ ಮುಳ್ಳು ಸೊನ್ನೆಗೆ ಬಂದ ಕೂಡಲೇ ಬಂದ್ ಮಾಡುತ್ತಿದ್ದ. ಉಳಿದ ಮೂವರು ಮೆಕ್ಯಾನಿಕ್ಕುಗಳನ್ನೂ ಕರೆದು ತನ್ನ ತಪ್ಪನ್ನು ತಾನೇ ವಿವರಿಸಿದ. ಅವರು ನಕ್ಕರೆ ಅವನೂ ನಕ್ಕ.

ಮುಂದಿನ ಭಾನುವಾರ ಮತ್ತೆ ಸಿರುಗುಪ್ಪ. ಗ್ಯಾಸು ತುಂಬಿ ಸ್ವಿಚ್ಚು ಹಾಕಿದ ಅರ್ಧ ತಾಸಿನಲ್ಲೇ ಒಳಗಿನ ಗೋಡೆಗೆ ಬೆರಳು ಅಂಟುವಂತಾಯಿತು. ಅಪ್ಪ ಕಂಪ್ರೆಸರಿನ ಮೇಲೆ ಅಂಗೈಯಿಟ್ಟು, ಇದು ಸರಿಯಾಗಿ ಉಸಿರಾಡುತ್ತಿದೆ ಎಂದ. ಆ ಹೆಂಗಸು ಒಳಗೆ ಹೋಗಿ ಹಾಲಿನ ಪಾತ್ರೆ ತಂದಳು. ಅಚ್ಚುಗಳನ್ನು ತುಂಬಿ ಫ್ರೀಜರಿನೊಳಗೆ ಇಟ್ಟಳು. ಕೆಲಸ ಮುಗಿಯಿತಲ್ಲ, ಹೊರಡೋಣ ಎಂದು ನಾನು ಸಾಮಾನು ಕಟ್ಟಲು ಎದ್ದೆ. ಅಪ್ಪ ಕದಲಲಿಲ್ಲ. ಬರಫು ಕಟ್ಟುವ ತನಕ ಗಿರಾಕಿಯ ಮನೆಯಿಂದ ಏಳಬಾರದು ಎಂದು ಅವನ ಉಸ್ತಾದ ಹೇಳಿಕೊಟ್ಟಿದ್ದನಂತೆ. ಅಂಗಡಿಯ ಮುಂದಿನ ಹಲಗೆಯ ಮೇಲೆ ಇಬ್ಬರೂ ಕೂತೆವು. ಮಧ್ಯಾಹ್ನದ ಗಿರಣಿಗಳ ಸದ್ದು, ಒಂದಿಬ್ಬರು ಹಮಾಲರು ಬಂದು ಯಾವಾಗ ಶುರು ಎಂದು ವಿಚಾರಿಸಿಕೊಂಡು ಹೋದರು. ಎದುರಿನ ಕಣದಲ್ಲಿ ಹೆಂಗಸರು ಬಿಸಿಲಲ್ಲಿ ಭತ್ತ ಹರವುತ್ತಿದ್ದರು.

ಅಪ್ಪ ಮೇಲೆ ನೋಡಿದ. ಆಕಾಶ ಬಿಳಿಚಿಕೊಂಡಿತ್ತು.

“ಅದು ಯಾವಾಗ ಪೂರಾ ರಿಪೇರಿ ಆಗತೈತಂತ?” ಎಂದು ಕೇಳಿದ.

ಎಲ್ಲ ದೇಶದವರೂ ಬಿಡುವುದನ್ನು ನಿಲ್ಲಿಸಿದರೆ ಇನ್ನು ನಲವತ್ತು ಐವತ್ತು ವರ್ಷ ಬೇಕು ಎಂದು ಪುಸ್ತಕದಲ್ಲಿದೆ ಎಂದೆ. ಈಗಾಗಲೇ ಮೇಲೆ ಹೋಗಿರುವುದು ಸವೆಯಲು ಅಷ್ಟು ಕಾಲ ಬೇಕಂತೆ ಎಂದೆ. ಅಪ್ಪ ಬೆರಳು ಮಡಿಸಿ ತನ್ನ ವಯಸ್ಸಿಗೆ ಅದನ್ನು ಕೂಡಿಸಿ ನೋಡಿ, ಅರ್ಧಕ್ಕೇ ಬಿಟ್ಟುಬಿಟ್ಟ.

ಅಷ್ಟರಲ್ಲಿ ಆ ಹೆಂಗಸು ಎರಡು ಕ್ಯಾಂಡಿ ತಂದಳು. ಕಲ್ಲಿನಂತೆ ಗಟ್ಟಿಯಾಗಿದ್ದವು, ಹೊಗೆಯಾಡುತ್ತಿದ್ದವು. ಮೇಸ್ತ್ರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದೆನಣ್ಣ ಎಂದಳು. ಮೊದಲನೆಯದನ್ನು ಅಪ್ಪನ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು, ಮೊಣಕಾಲು ಹಿಡಿದುಕೊಂಡು ಒಳಗೆ ಹೋದಳು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಒಂದು ಚೂರು ಕಚ್ಚಿದ.

“ಎಲ್ಲಿ ಕೆಲಸ ಮಾಡಿದ್ರೂ ಬರಫ್ ಕಟ್ಟಿದ್ದು ನೋಡೇ ಎದ್ದೀನಿ ಮಗಳ,” ಎಂದ. “ಆ ಮ್ಯಾಲಿನ ಕೆಲಸ ಒಂದು ಮಾತ್ರ ಮುಗಿಯೂದ್ರೊಳಗ ಎದ್ದು ಹೋಗಬೇಕಾಗತೈತಿ. ನೀ ಕುಂತು ನೋಡು.”

ಹೂಂ ಎಂದೆ. ಈಗಲೂ ನೋಡುತ್ತ ಕೂತಿದ್ದೇನೆ.